ಗುಂಡಿಗೆ ಹೆಪ್ಪು ಬಿಟ್ಟ ಮೇಸ್ತ್ರಿ

ನಮ್ಮ ಬೋರಿನ ನೀರು ಕೆಟ್ಟಿದ್ದು ಮೇಸ್ತ್ರಿಯಿಂದಲ್ಲ, ನಮ್ಮಿಂದ. ಆತ ಕಟ್ಟಿದ ಪಾಯಿಖಾನೆ ಗುಂಡಿ ಎಲ್ಲೂ ಬಿರುಕು ಬಿಟ್ಟಿರಲಿಲ್ಲ. ಎಲ್ಲಿ ಬೋರು ಹೊಡೆಸಬೇಡಿ ಎಂದು ಆತ ಹೇಳಿದ್ದನೋ ಅಲ್ಲೇ ನಾವು ಹೊಡೆಸಿದೆವು. ನಡೆದದ್ದು ಇಷ್ಟೇ. ಆದರೆ ಬಳ್ಳಾರಿಯ ಕೌಲ್ ಬಜಾರಿನ ನಮ್ಮ ಓಣಿಯಲ್ಲಿ ಹದಿನಾಲ್ಕು ವರ್ಷದಿಂದ ಇದನ್ನು ತಿರುವಿ ಹೇಳುತ್ತಾ ಬಂದರು. ನಾನು ಅದನ್ನು ಕೇಳಿಸಿಕೊಂಡು ರೊಟ್ಟಿ ಬಡಿಯುತ್ತಾ ಕೂತಿದ್ದೆ. ಹೋದ ತಿಂಗಳು ಮೇಸ್ತ್ರಿ ತನ್ನ ಊರು ಕುರುಗೋಡಿನಲ್ಲಿ ತೀರಿಕೊಂಡ. ಅದಕ್ಕೇ ಬರೆಯುತ್ತಿದ್ದೇನೆ.

ಹೆಸರು ಬರೆಯುವುದಿಲ್ಲ. ಓಣಿಯಲ್ಲಿ ಯಾರೂ ಆತನ ಹೆಸರು ಕೇಳಿದವರಲ್ಲ, ಗುಂಡಿ ಮೇಸ್ತ್ರಿ ಎಂದರೆ ಮುಗಿಯಿತು. ಬದುಕಿದ್ದಾಗ ಹೆಸರು ಕೇಳದವರು ಸತ್ತ ಮೇಲೆ ಬರೆದು ದೊಡ್ಡವರಾಗುವುದು ಬೇಡ.

ಎತ್ತರದ ಆಳು, ಒಣಕಲು ಮೈ. ತಲೆಗೆ ಒಂದು ಬಿಳಿ ಟವೆಲ್ಲು, ಕಿವಿಯ ಹಿಂದೆ ಒಂದು ಬೀಡಿ. ಕೈಚೀಲದಲ್ಲಿ ಗಾರೆ ಬಳಿಯುವ ತಾಪಿ, ಗೋಡೆ ನೆಟ್ಟಗಿದೆಯೇ ಎಂದು ನೋಡುವ ದಾರ ಕಟ್ಟಿದ ಗುಂಡು, ಜೊತೆಗೆ ತನ್ನದೇ ಒಂದು ಸ್ಟೀಲಿನ ಲೋಟ. ಲೋಟ ಯಾಕೆ ಎಂದು ಕೇಳಬೇಡಿ. ನಮ್ಮತ್ತೆ ಇರುವವರೆಗೆ ನಮ್ಮ ಮನೆಯ ಲೋಟದಲ್ಲಿ ಆತನಿಗೆ ಚಹಾ ಕೊಟ್ಟದ್ದಿಲ್ಲ. ಆತನೇ ಲೋಟ ಮುಂದೆ ಹಿಡಿಯುತ್ತಿದ್ದ, ನಾನು ಮೇಲಿನಿಂದ ಸುರಿಯುತ್ತಿದ್ದೆ. ಅದು ತಪ್ಪು ಎಂದು ಆಗ ನನಗೆ ಅನಿಸಲೇ ಇಲ್ಲ. ಅನಿಸಿತ್ತು ಎಂದು ಈಗ ಬರೆದರೆ ಅದು ಇನ್ನೊಂದು ಸುಳ್ಳು.

ಆತ ಮೊದಲು ನಮ್ಮ ಮನೆಗೆ ಬಂದಾಗ ಹಿತ್ತಿಲಲ್ಲಿ ಒಂದು ಮೊಳ ಆಳದ ಕುಣಿ ತೋಡಿ, ಒಂದು ಬಕೀಟು ನೀರು ಸುರಿದು, ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟ. ಅರ್ಧ ಗಂಟೆಯಾದರೂ ಏಳಲಿಲ್ಲ. ನಮ್ಮ ಮನೆಯವರಿಗೆ ಸಿಟ್ಟು ಬಂತು.

"ಏನ್ ಮೇಸ್ತ್ರಿ, ಕೆಲಸಕ್ಕ ಬಂದೀಯೋ, ನೀರು ನೋಡಾಕ ಬಂದೀಯೋ?"

"ನೆಲಕ್ಕ ಎಷ್ಟು ಬಾಯಾರಿಕಿ ಐತಿ ಅಂತ ನೋಡಾಕ ಹತ್ತೀನ್ರಿ. ಕುಡಿಯೋ ನೆಲ ಇದ್ರ ಒಂದು ಲೆಕ್ಕ, ಕುಡಿಯಲಾರದ ನೆಲ ಇದ್ರ ಇನ್ನೊಂದು ಲೆಕ್ಕ."

ನಮ್ಮದು ಸಣ್ಣ ಕಲ್ಲು ಮರಳಿನ ಗರಸು ನೆಲ, ಗಟಗಟ ಕುಡಿಯಿತು. ಆತ ಎದ್ದು ಕೈ ಕೊಡವಿಕೊಂಡು, "ಭಾಳ ಕುಡಿಯೋ ನೆಲಾನೂ ಹುಷಾರ್ರಿ. ಕುಡದದ್ದು ಎಲ್ಲಿಗೆ ಹೋಗತೈತಂತ ಗೊತ್ತಿರಂಗಿಲ್ಲ" ಅಂದ. ಆ ಮಾತು ನಮ್ಮ ತಲೆಗೆ ಹೋಗಲಿಲ್ಲ.

ನಮ್ಮ ಮನೆಯವರಿಗೆ ಒಂದೇ ಕೋಣೆಯ ಗುಂಡಿ ಸಾಕಿತ್ತು. ಎಲ್ಲರ ಮನೆಯದೂ ಹಾಗೇ ಇತ್ತು, ತೋಡು, ಕಟ್ಟು, ಮುಚ್ಚು. ಮೇಸ್ತ್ರಿ ಒಪ್ಪಲಿಲ್ಲ. ಎರಡು ಕೋಣೆ ಬೇಕು, ಆಮೇಲೆ ಬೇರೆಯಾಗಿ ಒಂದು ಇಂಗುಗುಂಡಿ ಬೇಕು ಎಂದು ಕೂತ. ನನಗೆ ತಿಳಿಯುವ ಹಾಗೆ ಹೇಳಿದ್ದು ಆತನೇ.

"ಗಂಜಿ ಬಸೀತೀರಲ್ರಿ ಅಮ್ಮಾರ, ಹಂಗ. ಭಾರಂದು ತಳಕ್ಕ ಕೂಡತೈತಿ, ಹಗರಂದು ಮ್ಯಾಲ ಕೆನಿ ಕಟ್ಟತೈತಿ, ನಡುವಿನ ತಿಳಿ ಮುಂದಿನ ಕ್ವಾಣಿಗೆ ಹೋಗಬೇಕು. ಅಲ್ಲಿ ಇನ್ನೊಮ್ಮಿ ಕೂತು ತಿಳಿ ಆಗಿ ಇಂಗುಗುಂಡಿಗೆ ಹೋಗಬೇಕು. ಅದಕ್ಕ ಪೈಪಿನ ಬಾಯಿ ಕೆಳಗ ಬಗ್ಗಿರಬೇಕು. ನೆಟ್ಟಗ ಇಟ್ರ ಕೆನಿ ಎಲ್ಲಾ ಹೊಂಟುಹೋಗಿ ಇಂಗುಗುಂಡಿ ಗಂಟಲು ಕಟ್ಟತೈತಿ."

ಆತನ ಹೆಂಡತಿ ಕುರುಗೋಡಿನ ಕಲ್ಲು ಎತ್ತಿ ಎತ್ತಿ ಕೊಡುವಳು, ಆತ ಇಡುವನು. ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ಆಕೆ ಕಲ್ಲನ್ನು ಯಾವ ಮುಖವಾಗಿ ಹಿಡಿದು ಕೊಡುತ್ತಿದ್ದಳೋ ಅದೇ ಮುಖವಾಗಿ ಅದು ಕೂರುತ್ತಿತ್ತು. ಒಂದು ಸಲ ಮಾತ್ರ ಆತ ಕಲ್ಲನ್ನು ತಿರುಗಿಸಿದ. ಆಕೆ ಸೊಂಟಕ್ಕೆ ಕೈಯಿಟ್ಟು ನಿಂತಳು. ಆತ ಮತ್ತೆ ಹಿಂದಿನ ಹಾಗೇ ತಿರುಗಿಸಿ ಇಟ್ಟ.

ಕಟ್ಟಿ ಮುಗಿದ ಮೇಲೆ ಗುಂಡಿಗೆ ನೀರು ತುಂಬಿಸಿ, ಒಂದು ಬಕೀಟು ಸಗಣಿ ನೀರು ಕಲಸಿ ಹೊಯ್ದ. ನಮ್ಮತ್ತೆಗೆ ಬಹಳ ಸಂತೋಷವಾಯಿತು. ಹೊಲಸಿನ ಗುಂಡಿಗೂ ಶುದ್ಧಿ ಮಾಡಿದ, ತಿಳಿದವನು ಅಂದಳು. ಮೇಸ್ತ್ರಿ ನನ್ನ ಕಡೆ ತಿರುಗಿ ಮೆಲ್ಲಗೆ, "ಶುದ್ಧಿ ಅಲ್ಲ್ರಿ, ಹೆಪ್ಪು" ಅಂದ. "ಹಾಲಿಗೆ ಹೆಪ್ಪು ಬೀಳಲಾರದ ಮೊಸರಾಗಂಗಿಲ್ಲ. ಇದಕ್ಕೂ ಒಳಗ ಜೀವ ಹುಟ್ಟಬೇಕು. ಆ ಜೀವಾನೇ ಎಲ್ಲಾ ತಿಂದು ಕರಗಸೋದು." ನಾನು ಅತ್ತೆಗೆ ಹೇಳಲಿಲ್ಲ. ಮುದುಕಿ ಸಾಯುವವರೆಗೂ ನಮ್ಮ ಓಣಿಯಲ್ಲಿ ಶುದ್ಧಿಯಾದ ಗುಂಡಿ ತನ್ನದೊಂದೇ ಎಂದು ಹೇಳಿಕೊಂಡಳು.

ಮುಚ್ಚಳದ ಬಂಡೆಗಳ ಮೇಲೆ ಮಣ್ಣು ಹಾಕಿ ಫರಸಿ ಹಾಸಿಬಿಡು, ಕಣ್ಣಿಗೆ ಬೀಳಬಾರದು ಎಂದೂ ಅತ್ತೆಯೇ ಹೇಳಿದಳು. ಆತ ಹಾಸಲಿಲ್ಲ. "ಬಾಯಿ ಹೊಲದುಬಿಟ್ರ ನಾಳೆ ಹೊಟ್ಟಿ ನೋಡಾಕ ಎಲ್ಲಿ ಹರೀತೀರಿ? ಬಂಡಿಗೆ ಕಬ್ಬಿಣದ ಬಳಿ ಹಾಕತೀನಿ, ಎತ್ತಾಕ ಬರಬೇಕು" ಅಂದ. ಕಂಟೋನ್ಮೆಂಟಿನ ಕಡೆ ಒಂದು ದೊಡ್ಡ ಮನೆಯಲ್ಲಿ ಮುಚ್ಚಳದ ಮೇಲೆ ಅಡಿಗೆ ಮನೆ ಕಟ್ಟಿಬಿಟ್ಟಿದ್ದರಂತೆ. ಗುಂಡಿ ತುಂಬಿದಾಗ ಒಲೆಯ ಕಟ್ಟೆ ಒಡೆಸಬೇಕಾಯಿತು. ಮೂರು ದಿನ ಆ ಮನೆಯವರು ಹೋಟೆಲಿನಿಂದ ಊಟ ತರಿಸಿ ತಿಂದದ್ದನ್ನು ಆತ ಹೇಳುತ್ತಿದ್ದರೆ ನಮ್ಮ ಮನೆಯವರಿಗೂ ನಗು ತಡೆಯಲಾಗಲಿಲ್ಲ.

ವರ್ಷಕ್ಕೆ ಒಂದು ಸಲ, ಯುಗಾದಿ ಕಳೆದ ಮೇಲೆ, ಕರೆಯದೇ ಬರುತ್ತಿದ್ದ. ಒಂದು ಬಿದಿರಿನ ಕೋಲಿಗೆ ಹಳೆಯ ಬಿಳಿ ಪಂಚೆ ಸುತ್ತಿ, ಬಂಡೆ ಸರಿಸಿ, ತಳ ಮುಟ್ಟುವವರೆಗೆ ಇಳಿಸಿ, ಸ್ವಲ್ಪ ಹೊತ್ತು ಬಿಟ್ಟು ನೆಟ್ಟಗೆ ಎಳೆದು ತೆಗೆಯುತ್ತಿದ್ದ. ಬಟ್ಟೆ ಎಲ್ಲಿಯವರೆಗೆ ಕರಿದಾಗಿದೆಯೋ ಅಲ್ಲಿಯವರೆಗೆ ಕೆಸರು. ಗೇಣು ಹಾಕಿ ಅಳೆದು, "ಇನ್ನೊಂದು ವರ್ಷ ಚಿಂತಿ ಇಲ್ಲ" ಎನ್ನುವನು, ಇಲ್ಲವೇ "ಈ ಮಳಿಗಾಲದೊಳಗ ಗಾಡಿ ಕರೆಸ್ರಿ" ಎನ್ನುವನು. ಮೂರಕ್ಕೆ ಒಂದು ಪಾಲು ಕೆಸರಾದರೆ ತೆಗೆಸಬೇಕು ಎಂಬುದು ಆತನ ಲೆಕ್ಕ. ಬಂಡೆ ತೆಗೆಯುವ ಮೊದಲು ಕಿವಿಯ ಹಿಂದಿನ ಬೀಡಿಯನ್ನು ತೆಗೆದು ದೂರದ ಗೋಡೆಯ ಮೇಲೆ ಇಡುತ್ತಿದ್ದ. ಗುಂಡಿಯ ಗಾಳಿಗೆ ಬೆಂಕಿ ಹತ್ತುತ್ತದೆಂದು ಬೆಂಕಿಕಡ್ಡಿಯನ್ನಂತೂ ಹಿತ್ತಿಲಿಗೇ ತರುತ್ತಿರಲಿಲ್ಲ.

ಕೆಸರು ಎಳೆಯುವ ಗಾಡಿ ಬಂದಾಗ ಪೈಪಿನ ಮೇಲೆ ಕೈಯಿಟ್ಟು ನಿಲ್ಲುವನು. "ಪೂರಾ ತಿಕ್ಕಿ ತೆಗೀಬ್ಯಾಡೋ, ತಳದಾಗ ಒಂದು ಗೇಣು ಬಿಡು, ಹೆಪ್ಪಿಗೆ ಬೇಕು." ಗಾಡಿಯವರು ನಗುವರು. ಇವನು ಗುಂಡಿಯನ್ನು ಎಮ್ಮೆ ಸಾಕಿದ ಹಾಗೆ ಸಾಕುತ್ತಾನೆ ಎನ್ನುವರು. ಒಮ್ಮೆ ಪೈಪು ಎಲ್ಲೋ ಸಿಕ್ಕಿಕೊಂಡಿತು. ಗಾಡಿಯವನು ಅಂಗಿ ಬಿಚ್ಚಿ ಗುಂಡಿಗೆ ಇಳಿಯಲು ಹೋದ. ಮೇಸ್ತ್ರಿ ಅವನ ತೋಳು ಹಿಡಿದು ಎಳೆದು ನೆಲಕ್ಕೆ ಕೆಡವಿದ. ಆತ ಯಾರನ್ನಾದರೂ ಮುಟ್ಟಿ ಕೆಡವಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಇಳದ್ರ ಒಳಗ ಉಸಿರಿಲ್ಲಲೇ! ಇದರ ವಿಷ ಕಣ್ಣಿಗೆ ಕಾಣಂಗಿಲ್ಲ. ಪೈಪು ಹೋದ್ರ ಹೋಗಲಿ!"

ಆಮೇಲೆ ನೀರು ಕುಡಿಯುತ್ತಾ ನನಗೆ ಹೇಳಿದ. "ನಮ್ಮಣ್ಣ ಹಿಂಗ ಇಳದಿದ್ದನ್ರಿ. ಹಗ್ಗ ನನ್ನ ಕೈಯಾಗ ಇತ್ತು."

ನಾನು ಪ್ರತಿ ಅಮಾವಾಸ್ಯೆಗೆ ಪಾಯಿಖಾನೆಗೆ ಆಸಿಡ್ ಸುರಿದು ತೊಳೆಯುತ್ತಿದ್ದೆ. ಹೊಗೆ ಎದ್ದರೆ ಮಡಿಯಾಯಿತು ಎಂದು ನನ್ನ ಲೆಕ್ಕ. ಒಂದು ವರ್ಷ ಆತ ಬಂದು ಬಂಡೆ ಸರಿಸಿ ಮೂಗು ಹಿಡಿದುಕೊಂಡ. ಬದುಕಿರುವ ಗುಂಡಿ ಮಂದವಾಗಿ ನಾರುತ್ತದೆ, ಸತ್ತ ಗುಂಡಿ ಕೊಳೆತ ಮೊಟ್ಟೆಯ ಹಾಗೆ ನಾರುತ್ತದೆ ಎಂದು ಆತನೇ ಹಿಂದೆ ಹೇಳಿದ್ದ.

"ಯಾರು ಕೊಂದ್ರು ಇದನ್ನ?"

"ಕೊಂದ್ರು ಅಂದ್ರ? ಸ್ವಚ್ಛ ಮಾಡೀನಿ ನಾನು."

"ಅಮ್ಮಾರ, ಹೊಟ್ಟಿ ನೋವಂತ ನೀವು ಆಸಿಡ್ ಕುಡೀತೀರೇನು? ಒಳಗಿನ ಜೀವ ಎಲ್ಲಾ ಸುಟ್ಟು ಹೋಗ್ಯಾವ. ಬ್ರಶ್ ತಗೊಂಡು ತಿಕ್ರಿ, ಸ್ವಲ್ಪ ಸೋಪಿನ ನೀರು ಸಾಕು. ಕೈ ಸವೀತಾವೇನು?"

"ದಿನಾ ರೊಟ್ಟಿ ಬಡಿಯೋ ಕೈ ಇವು, ಪಾಯಿಖಾನಿ ತಿಕ್ಕಾಕ ಎರಡು ಬ್ಯಾರೆ ಕೈ ತರಬೇಕು" ಎಂದೆ. ಆತ ನಗುತ್ತಾ ಮತ್ತೆ ಸಗಣಿ ಕಲಸಿದ. ಅವತ್ತಿನಿಂದ ಆಸಿಡ್ ಬಿಟ್ಟೆ. ಎಣ್ಣೆ, ಕೂದಲು, ಬಟ್ಟೆಚೂರು, ಒಲೆಯ ಬೂದಿ, ಇವು ಯಾವುವೂ ಆ ಗುಂಡಿಗೆ ಹೋಗದ ಹಾಗೆ ಇವತ್ತಿಗೂ ಕಾಯುತ್ತೇನೆ. ಸೊಸೆ ಬೈದುಕೊಳ್ಳುತ್ತಾಳೆ, ಬೈದುಕೊಳ್ಳಲಿ.

ಸಿರುಗುಪ್ಪದಲ್ಲಿ ನಮ್ಮ ಮಗಳ ಮನೆ. ಸುತ್ತಲೂ ಭತ್ತದ ಗದ್ದೆ, ಕರಿ ಎರೆ ಮಣ್ಣು. ವರ್ಷದಲ್ಲಿ ಕೆಲವು ತಿಂಗಳು ಅವರ ಪಾಯಿಖಾನೆಯ ನೀರು ಕೆಳಗೆ ಇಳಿಯುತ್ತಲೇ ಇರಲಿಲ್ಲ, ಮೇಲಕ್ಕೆ ಬರುತ್ತಿತ್ತು. ಎರಡು ಸಲ ಪೈಪು ಬದಲಾಯಿಸಿದರು, ಒಂದು ಸಲ ಯಾರೋ ಹೇಳಿದರೆಂದು ಬಾಗಿಲು ಯಾವ ದಿಕ್ಕಿಗಿದೆ ಎಂದು ನೋಡಿಸಿದರು. ನಾನು ಮೇಸ್ತ್ರಿಯನ್ನು ಕರೆದುಕೊಂಡು ಹೋದೆ. ಆತ ಪಾಯಿಖಾನೆಯ ಕಡೆ ನೋಡಲೂ ಇಲ್ಲ. ಅಳಿಯನನ್ನು ಕೇಳಿದ್ದು ಒಂದೇ ಮಾತು.

"ಕಾಲುವಿಗೆ ನೀರು ಬಿಟ್ಟು ಎಷ್ಟು ದಿನ ಆತ್ರಿ?"

ಕಾಲುವೆಗೆ ನೀರು ಬಿಟ್ಟಾಗ ಗದ್ದೆಯ ನೆಲವೆಲ್ಲ ತುಂಬಿ ನಿಲ್ಲುತ್ತದೆ. ತುಂಬಿದ ಹೊಟ್ಟೆಗೆ ಇನ್ನಷ್ಟು ಸುರಿದರೆ ಎಲ್ಲಿಗೆ ಹೋಗಬೇಕು? ಆತ ಇಂಗುಗುಂಡಿಯನ್ನು ನೆಲದೊಳಗೆ ಬಿಡದೆ, ಹೊರಗಿನಿಂದ ಗರಸು ತರಿಸಿ, ದಿಬ್ಬ ಮಾಡಿ, ಅದರ ಮೇಲೆ ಕಟ್ಟಿದ. ಪಾಯಿಖಾನೆಯನ್ನೂ ಎರಡು ಮೆಟ್ಟಿಲು ಎತ್ತರಿಸಿದ. "ಎರಿ ಮಣ್ಣಿನ ಮುಂದ ಜಂಬ ನಡಿಯಂಗಿಲ್ಲ. ಅದು ಕುಡಿಯಂಗಿಲ್ಲ ಅಂದ್ರ ಕುಡಿಯಂಗಿಲ್ಲ" ಅಂದ. ಮಗಳ ಮನೆಯಲ್ಲಿ ಆ ತೊಂದರೆ ಮತ್ತೆ ಬರಲಿಲ್ಲ. ಅಲ್ಲಿ ಆತನನ್ನು ನಡುಮನೆಯಲ್ಲಿ ಕೂರಿಸಿ ಊಟ ಹಾಕಿದರು. ನಾನು ನೋಡುತ್ತಾ ಕೂತಿದ್ದೆ.

ಈಗ ಬೋರಿನ ಮಾತು.

ಆ ಬೇಸಿಗೆ ನಳದ ನೀರು ವಾರಕ್ಕೊಮ್ಮೆ ಬರುತ್ತಿತ್ತು. ನಮ್ಮದು ಜೋಳದ ರೊಟ್ಟಿ ಬಡಿದು ಮಾರುವ ಮನೆ. ಮುಂಜಾನೆ ಏಳಕ್ಕೆ ಜನ ಡಬ್ಬಿ ಹಿಡಿದು ಬಾಗಿಲಿಗೆ ಬರುತ್ತಾರೆ. ಹಿಟ್ಟು ನಾದಲು ನೀರು ಬೇಕು. ಹಿತ್ತಿಲಲ್ಲಿ ಬೋರು ಹೊಡೆಸುವುದೆಂದು ಮನೆಯವರು ತೀರ್ಮಾನಿಸಿದರು. ನೀರು ಎಲ್ಲಿದೆ ಎಂದು ನೋಡಲು ಮಠದ ಊರು ಹಲಕುಂದಿಯಿಂದ ನನ್ನ ಮೈದುನನನ್ನು ಕರೆಸಿದರು. ಅವನು ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ನಡೆಯುತ್ತಾನೆ. ಕೆಳಗೆ ನೀರಿದ್ದಲ್ಲಿ ಕಾಯಿ ತಾನಾಗಿ ಎದ್ದು ನಿಲ್ಲುತ್ತದೆ. ನಮ್ಮ ಕಡೆ ಬೋರು ಹೊಡೆಸುವ ಹತ್ತರಲ್ಲಿ ಎಂಟು ಜನ ಹೀಗೇ ನೋಡಿಸುವುದು. ನಾನು ಅರಿಸಿನ ಕುಂಕುಮದ ತಟ್ಟೆ ಹಿಡಿದು ಅವನ ಹಿಂದೆ ನಡೆದೆ.

ಹಿತ್ತಿಲೆಲ್ಲ ಸುತ್ತಿದ. ಎಲ್ಲೂ ಕಾಯಿ ಏಳಲಿಲ್ಲ. ಇಂಗುಗುಂಡಿಯ ಹತ್ತಿರ ಬಂದನೋ ಇಲ್ಲವೋ, ಕಾಯಿ ನೆಟ್ಟಗೆ ಎದ್ದು ನಿಂತಿತು. "ಅತ್ತಿಗಿ, ಗಂಗವ್ವ ಇಲ್ಲೇ ಅದಾಳ! ಹಚ್ಚು ಕುಂಕುಮ!" ಎಂದು ಕೂಗಿದ. ನಾನು ಹಚ್ಚಿದೆ.

ಅದೇ ಹೊತ್ತಿಗೆ ಮೇಸ್ತ್ರಿ ತನ್ನ ಬಿದಿರಿನ ಕೋಲು ಹಿಡಿದುಕೊಂಡು ಹಿತ್ತಿಲ ಬಾಗಿಲಲ್ಲಿ ನಿಂತಿದ್ದ. ಯುಗಾದಿ ಕಳೆದಿತ್ತಲ್ಲ. ಕುಂಕುಮ ಹಚ್ಚಿದ ಜಾಗ ನೋಡಿದ, ಇಂಗುಗುಂಡಿ ನೋಡಿದ, ನಡುವೆ ಹೆಜ್ಜೆ ಹಾಕಿದ. ಏಳೇ ಹೆಜ್ಜೆ.

"ನೀರೇನೋ ಐತ್ರಿ" ಅಂದ. "ಯಾರ ನೀರು ಅಂತ ಕಾಯಿನ ಕೇಳ್ರಿ."

ಮೈದುನ ಕೆಂಡವಾದ. "ಲೇ, ಹೊಲಸು ಗುಂಡಿ ಕಟ್ಟೋನು ನೀನು, ಗಂಗವ್ವನ ವಿಷಯ ನಿನಗೇನ್ ಗೊತ್ತು?"

ಮೇಸ್ತ್ರಿ ಅವನನ್ನು ಬಿಟ್ಟು ನಮ್ಮ ಮನೆಯವರಿಗೆ ಹೇಳಿದ. "ಗರಸು ನೆಲ ಐತ್ರಿ, ಕುಡದದ್ದನ್ನ ಹಿಡಿದು ಇಟಗೊಳ್ಳಂಗಿಲ್ಲ. ಏನಿಲ್ಲಂದ್ರೂ ಐವತ್ತು ಹೆಜ್ಜಿ ದೂರ ಇರಬೇಕು. ನಿಮ್ಮ ಹಿತ್ತಲಾ ಅಷ್ಟಿಲ್ಲ. ಬೋರು ಬ್ಯಾಡ್ರಿ. ಟ್ಯಾಂಕರ್ ನೀರು ಹಾಕಿಸ್ಕೊಳ್ರಿ, ಬ್ಯಾಸಿಗಿ ಕಳೀತೈತಿ." ಆಮೇಲೆ ನನ್ನ ಕಡೆ ತಿರುಗಿದ. "ಅಮ್ಮಾರ, ನೀವಾದ್ರೂ ಹೇಳ್ರಿ."

ನಾನು ಹೇಳಲಿಲ್ಲ. ಮಠದ ಊರಿನಿಂದ ಬಂದ ಮೈದುನನ ಮಾತು ಬಿಟ್ಟು, ಬೇರೆ ಲೋಟದಲ್ಲಿ ಚಹಾ ಕುಡಿಯುವವನ ಮಾತು ಹಿಡಿಯುವುದು ನನಗೆ ಹೊಳೆಯಲಿಲ್ಲ. ಮೂರನೆಯ ದಿನ ಬೋರಿನ ಲಾರಿ ಬಂತು. ಬೇಗನೆ ನೀರು ಬಿತ್ತು. ಬೀಳದೆ ಏನು!

ಓಣಿಯಲ್ಲಿ ನಮ್ಮನ್ನು ಹಿಡಿಯುವವರಿರಲಿಲ್ಲ. ಪಕ್ಕದ ಮನೆಯ ಕಾಶೀಂಬಿಗೆ ಗೋಡೆಯ ಮೇಲಿನಿಂದ ಪೈಪು ಹಾಕಿ ನೀರು ಕೊಟ್ಟೆ. ನಾನೂ ಆ ನೀರಿನಲ್ಲೇ ಹಿಟ್ಟು ನಾದಿದೆ. ಮಳೆಗಾಲ ಹಿಡಿಯುವ ಹೊತ್ತಿಗೆ ಮೊಮ್ಮಗಳ ಕಣ್ಣು ಹಳದಿಯಾಯಿತು. ಹತ್ತು ದಿನಕ್ಕೆ ಕಾಶೀಂಬಿಯ ಮಗಳಿಗೂ ಕಾಮಾಲೆ. ಆ ಹುಡುಗಿಯ ನಿಕಾಹ್ ಗೊತ್ತಾಗಿತ್ತು, ಚೀಟಿ ಹಂಚಿಯೂ ಆಗಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಕೇಳಿದ್ದೇ ಯಾವ ನೀರು ಕುಡಿಯುತ್ತೀರಿ ಎಂದು.

ಮೇಸ್ತ್ರಿಯನ್ನು ಕರೆಸಿದೆವು. ಆತ ಹೋಳಿಯ ಗುಲಾಬಿ ಬಣ್ಣ ತಂದು ಇಂಗುಗುಂಡಿಗೆ ಕಲಸಿ ಹೊಯ್ದ. ಮೂರನೆಯ ದಿನ ಬೆಳಿಗ್ಗೆ ಬಂದು ಬೋರು ಚಾಲೂ ಮಾಡಿಸಿದ. ಬಿಳಿ ಬಕೀಟಿಗೆ ನೀರು ಬಿತ್ತು. ನಸುಗುಲಾಬಿ. ನೋಡಿದ್ದು ಮೂರೇ ಜನ, ಆತ, ನಮ್ಮ ಮನೆಯವರು, ನಾನು. ಮನೆಯವರು ಹೋಗಿ ಬೋರಿನ ಸ್ವಿಚ್ಚು ಆರಿಸಿದರು. ಬಾಗಿಲ ಕಡೆ ರೊಟ್ಟಿಗೆ ಬಂದವರ ಡಬ್ಬಿ ಸಪ್ಪಳ ಕೇಳುತ್ತಿತ್ತು.

"ಬೆಂಕಿ ಮ್ಯಾಲ ಬೆಂದ ರೊಟ್ಟಿಯಿಂದ ಯಾರಿಗೂ ಏನೂ ಆಗಿರಂಗಿಲ್ಲ" ಅಂದ ಮೇಸ್ತ್ರಿ. "ಆದ್ರ ಮಂದಿ ಅದನ್ನ ಕೇಳಂಗಿಲ್ಲ."

"ಹಂಗಾದ್ರ ನೀನು ಬಾಯಿ ಬಿಡಬ್ಯಾಡ" ಎಂದೆ ನಾನು. ಹೌದು, ನಾನೇ. ನಮ್ಮ ಮನೆಯವರಲ್ಲ. ಎಲ್ಲಿ ಹೊಡೆಸಬೇಡಿ ಅಂದಿದ್ದೆ ಎಂಬುದನ್ನೂ ಹೇಳಬೇಡ, ಆ ನೀರು ಹಿಟ್ಟಿಗೆ ಬಿದ್ದದ್ದನ್ನೂ ಹೇಳಬೇಡ ಎಂದು ಕೇಳಿದೆ. ಆತ ಬಕೀಟಿನ ನೀರನ್ನು ಚೆಲ್ಲಿ, ಬಕೀಟು ಬೋರಲು ಹಾಕಿದ.

"ನನಗ ಊರೂರಾಗ ಕೆಲಸ ಐತಿ. ನಿಮಗ ಇದೊಂದ ಒಲಿ. ಮಂದಿ ಒಂದು ವರ್ಷ ಅಂತಾರ, ಮರೀತಾರ. ಇರ್ಲಿ ಬಿಡ್ರಿ."

ಬೋರಿಗೆ ಮುಚ್ಚಳ ಹಾಕಿದೆವು. ಗುಂಡಿ ಸೋರಿ ನೀರು ಕೆಟ್ಟಿತು ಎಂದು ಮೈದುನ ಓಣಿಗೆಲ್ಲ ಹೇಳಿಹೋದ. ರೊಟ್ಟಿಗೆ ಮಾತ್ರ ಮೊದಲಿನಿಂದಲೂ ನಳದ ನೀರೇ ಎಂದು ನಾನು ಸೇರಿಸಿದೆ. ಜನ ನಂಬಿದರು. ಗುಂಡಿ ಕಟ್ಟುವವನ ಮೇಲೆ ತಪ್ಪು ಹೊರಿಸಿದರೆ ನಂಬುವುದು ಎಷ್ಟು ಸುಲಭ!

ಆ ವಾರವೇ ಆತ ಓಣಿಯಲ್ಲಿ ಇನ್ನೊಂದು ಮನೆಯ ಕೆಲಸಕ್ಕೆ ಬಂದ. ಕಾಶೀಂಬಿ ರಸ್ತೆಯ ನಡುವೆ ಅಡ್ಡಹಾಕಿದಳು.

"ಏ ಮೇಸ್ತ್ರಿ! ನಿನ್ನ ಗುಂಡಿ ನಮ್ಮ ಮಗಳ ನಸೀಬ ತಿಂತಲ್ಲೋ! ಹಲ್ದಿ ಹಚ್ಚಬೇಕಾದ ಮೈ ತಾನ ಹಳದಿ ಆಗೇತಿ, ಬಾ, ಒಳಗ ಬಂದು ನೋಡು! ಕಲ್ಲು ಇಡಾಕ ಬರಲಿಲ್ಲಂದ್ರ ಕತ್ತಿ ಕಾಯಾಕ ಹೋಗಬೇಕಿತ್ತು!"

ಜನ ಸೇರಿದರು. ಆತ ತಲೆಯ ಟವೆಲ್ಲು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ. ನಾನು ನಮ್ಮ ಬಾಗಿಲಲ್ಲಿದ್ದೆ, ಕೈಯೆಲ್ಲ ಹಿಟ್ಟು. ಆತ ನನ್ನ ಕಡೆ ಒಂದು ಸಲವೂ ನೋಡಲಿಲ್ಲ. ನೋಡಿದ್ದರೆ ಹೇಳಿಬಿಡುತ್ತಿದ್ದೆನೇನೋ. ಆತನಿಗೂ ಅದು ಗೊತ್ತಿತ್ತು ಎಂದು ಕಾಣುತ್ತದೆ.

ಮೊಮ್ಮಗಳು ಚೇತರಿಸಿಕೊಂಡಳು. ಕಾಶೀಂಬಿಯ ಮಗಳ ನಿಕಾಹ್ ಆರು ತಿಂಗಳು ಮುಂದೆ ಹೋಗಿ, ಕಡೆಗೆ ಆಯಿತು. ಮಂದಿ ಮರೆಯಲಿಲ್ಲ. ನಮ್ಮ ಓಣಿಯಲ್ಲಿ ಆತನಿಗೆ ಮತ್ತೆ ಯಾರೂ ಕೆಲಸ ಕೊಡಲಿಲ್ಲ. ಮಾತು ಕಂಟೋನ್ಮೆಂಟಿಗೂ ಹೋಯಿತು. ಆತ ಹಳ್ಳಿಗಳ ಕಡೆ ತಿರುಗಿಕೊಂಡ.

ಆದರೂ ಯುಗಾದಿ ಕಳೆದ ಮೇಲೆ ನಮ್ಮ ಮನೆಗೆ ಬರುತ್ತಿದ್ದ. ಮುಂದಿನ ರಸ್ತೆಯಿಂದಲ್ಲ, ಹಿಂದಿನ ಸಂದಿಯಿಂದ. ಅದೇ ಕೋಲು, ಅದೇ ಪಂಚೆ. ಅಷ್ಟರಲ್ಲಿ ಅತ್ತೆ ಹೋಗಿದ್ದಳು, ಆಮೇಲೆ ನಮ್ಮ ಮನೆಯವರೂ ಹೋದರು. ನಾನು ಆತನನ್ನು ಅಡಿಗೆ ಮನೆಯಲ್ಲಿ ಒಲೆಯ ಪಕ್ಕ ಕೂರಿಸಿ, ನಮ್ಮ ತಟ್ಟೆಯಲ್ಲೇ ಬಿಸಿ ರೊಟ್ಟಿ, ಗುರೆಳ್ಳು ಚಟ್ನಿ, ಬದನೆಕಾಯಿ ಪಲ್ಯ ಬಡಿಸುತ್ತಿದ್ದೆ. ಇದನ್ನು ನನ್ನ ದೊಡ್ಡತನ ಎಂದುಕೊಳ್ಳಬೇಡಿ. ಬಾಯಿ ಮುಚ್ಚಿಸಿದವಳು ಬಾಯಿಗೆ ಹಾಕಿದೆ, ಅಷ್ಟೇ. ಆತ ಮಾತ್ರ ರೊಟ್ಟಿ ಮುರಿಯುತ್ತಾ ಯಾವ ಊರಲ್ಲಿ ಯಾವ ನೆಲ, ಯಾರು ಗುಂಡಿಯ ಮೇಲೆ ತುಳಸಿ ಕಟ್ಟೆ ಕಟ್ಟಿದರು, ಯಾರು ಗುಂಡಿಗೆ ಹಳೆ ಸೀರೆ ಎಸೆದರು ಎಂದು ಹೇಳಿ ನಗಿಸುತ್ತಿದ್ದ. ಹತ್ತು ಹದಿನೈದು ನಿಮಿಷದ ಮಾತು. ವರ್ಷದಲ್ಲಿ ನಾನು ಅಷ್ಟು ನಗುತ್ತಿದ್ದದ್ದು ಆ ದಿನವೇ ಇರಬೇಕು. ಬೋರಿನ ಮಾತು ಒಂದು ದಿನವೂ ತೆಗೆಯಲಿಲ್ಲ. ಈ ಯುಗಾದಿಗೆ ಬರಲಿಲ್ಲ. ಹದಿನೈದು ದಿನ ಕಾದೆ. ಆಮೇಲೆ ಸುದ್ದಿ ಬಂತು.

ಬಸ್ಸು ಹಿಡಿದು ಕುರುಗೋಡಿಗೆ ಹೋದೆ. ಗುಡ್ಡದ ಕೆಳಗಿನ ಸಣ್ಣ ಮನೆ. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಆತನನ್ನು ಮಲಗಿಸಿದ್ದರು. ಹೊರಗೆ ಕೂತ ಗಂಡಸರಲ್ಲಿ ಒಬ್ಬ ಪಕ್ಕದವನಿಗೆ ಹೇಳುತ್ತಿದ್ದ.

"ಕೆಲಸಗಾರ ಛಲೋ ಇದ್ದ. ಆದ್ರ ಬಳ್ಳಾರಿಯಾಗ ಒಂದು ಗುಂಡಿ ಕೆಡಿಸಿ ಓಣಿಗೆಲ್ಲಾ ಕಾಮಣಿ ಬರಿಸಿದ್ನಂತ. ಈಗ ಮಗನಿಗೂ ಅಲ್ಲಿ ಯಾರೂ ಕೆಲಸ ಕೊಡವಲ್ಲರು. 'ಅಪ್ಪನ ಗುಂಡಿ ಸೋರತಾವು, ಮಗನದು ಇನ್ನೇನು' ಅಂತಾರ."

ಆ ಮಗ ನಾಲ್ಕು ಹೆಜ್ಜೆ ದೂರದಲ್ಲಿ ಚಟ್ಟದ ಬಿದಿರು ಕಟ್ಟುತ್ತಿದ್ದ. ಅವನೂ ಮೇಸ್ತ್ರಿಯೇ, ಅಪ್ಪನ ಹಾಗೇ ಒಣಕಲು ಮೈ. ಕೇಳಿಸಿಕೊಂಡ, ತಲೆ ಎತ್ತಲಿಲ್ಲ. ಒಂದು ವರ್ಷಕ್ಕೆ ಮರೆಯುತ್ತಾರೆ ಅಂದಿದ್ದನಲ್ಲ ಮೇಸ್ತ್ರಿ. ಅದೊಂದನ್ನು ಆತ ತಪ್ಪಾಗಿ ಅಳೆದಿದ್ದ.

ಒಳಗೆ ಹೋಗಿ ಆತನ ಹೆಂಡತಿಯ ಪಕ್ಕ ಕೂತೆ. ಕಲ್ಲು ಎತ್ತಿಕೊಡುತ್ತಿದ್ದವಳು ಈಗ ಮುದುಕಿ, ನನ್ನ ಹಾಗೇ. ಆಮೇಲೆ ಆಕೆ, ಸಿಟ್ಟಿಲ್ಲದೆ, ಊರಿನ ಮಳೆಬೆಳೆ ಕೇಳುವ ಹಾಗೆ ಕೇಳಿದಳು.

"ರೊಟ್ಟಿ ವ್ಯಾಪಾರ ಛಲೋ ನಡದೈತೇನ್ರಿ ಅಮ್ಮಾರ?"

ಆಕೆಗೆ ಎಲ್ಲ ಗೊತ್ತಿತ್ತು. ಹದಿನಾಲ್ಕು ವರ್ಷವೂ ಗೊತ್ತಿತ್ತು. "ಹೂಂ" ಎಂದೆ.

ಸ್ಮಶಾನದಿಂದ ಗಂಡಸರು ಬಂದ ಮೇಲೆ ಸಂಜೆ ಬಸ್ಸಿಗೆ ಮನೆಗೆ ಬಂದೆ. ನನ್ನ ಮಗನಿಗೆ ಎಲ್ಲ ಹೇಳಿದೆ. ಅವನು ಜೀನ್ಸ್ ಪ್ಯಾಂಟಿನ ಕಟಿಂಗ್ ಕೆಲಸ ಮಾಡುವವನು. ಬೋರಿನ ವಿಷಯ ಅರ್ಧಂಬರ್ಧ ಗೊತ್ತಿತ್ತು, ಬಣ್ಣದ ವಿಷಯ ಗೊತ್ತಿರಲಿಲ್ಲ.

"ಯವ್ವಾ, ಓಣಿಗೆ ಹೇಳತೀನಿ ಅಂತೀಯಲ್ಲ, ಈಗ ಹೇಳಿ ಏನಾಗಬೇಕೈತಿ? ನಿನ್ನ ಒಲಿ ಆರತೈತಿ. ಸತ್ತಾತಗ ಇದರಿಂದ ಏನು ಲಾಭ?"

"ಸತ್ತಾತಗ ಅಲ್ಲೋ. ಬಿದಿರು ಕಟ್ಟಾಕ ಹತ್ತಿದ್ನಲ್ಲ, ಅವನಿಗೆ" ಎಂದೆ.

ಮರುದಿನ ಬೆಳಿಗ್ಗೆ ಒಲೆ ಹಚ್ಚಲಿಲ್ಲ. ಏಳಕ್ಕೆ ಡಬ್ಬಿ ಹಿಡಿದವರು ಬಂದು ನಿಂತರು. ಅವರನ್ನು ದಾಟಿ ರಸ್ತೆಗೆ ಇಳಿದೆ. ಕಾಶೀಂಬಿಯನ್ನು ಹೆಸರು ಹಿಡಿದು ಕರೆದೆ. ಆಕೆ ತಲೆಗೆ ಸೆರಗು ಎಳೆದುಕೊಳ್ಳುತ್ತಾ ಹೊರಗೆ ಬಂದಳು. ನನಗೆ ಗಟ್ಟಿ ದನಿಯಿದೆ, ಓಣಿಯ ಆ ತುದಿಯವರೆಗೆ ಕೇಳುತ್ತದೆ.

"ಮೇಸ್ತ್ರಿ ಕಟ್ಟಿದ ಗುಂಡಿ ಸೋರಿರಲಿಲ್ಲ ಕಾಶೀಂಬಿ. ಏಳು ಹೆಜ್ಜಿ ಅಳದು, ಇಲ್ಲಿ ಬೋರು ಬ್ಯಾಡ ಅಂದಿದ್ದ. ನಾವು ಕೇಳಲಿಲ್ಲ. ನೀರು ಕೆಟ್ಟದ್ದು ನಮ್ಮಿಂದ. ಬಣ್ಣ ಹಾಕಿ ತೋರಿಸಿದ್ದ, ಬಾಯಿ ಬಿಡಬ್ಯಾಡ ಅಂತ ನಾನ ಅವನಿಗೆ ಹೇಳಿದ್ದು. ಆ ನೀರಾಗ ರೊಟ್ಟಿನೂ ಮಾಡೀನಿ. ನಿನ್ನ ಮಗಳಿಗೆ ಪೈಪು ಹಾಕಿ ಕೊಟ್ಟಾಕೀನೂ ನಾನ. ಅವನ ಮಗ ಛಲೋ ಕೆಲಸಗಾರ, ಯಾರರ ಗುಂಡಿ ಕಟ್ಟಿಸೋದಿದ್ರ ಅವನನ್ನ ಕರೀರಿ."

ಕಾಶೀಂಬಿ ನನ್ನ ಮುಖವನ್ನೇ ನೋಡಿದಳು. "ನಡುರಸ್ತಿಯಾಗ ನಿಂದರಿಸಿ ಬೈದಿದ್ದೆನಲ್ಲಕ್ಕಾ ಅವನಿಗೆ" ಅಂದಳು. "ನೀನು ಬಾಗಲಾಗ ನಿಂತು ನೋಡಿದಿ." ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ತಿರುಗಿ ನೋಡಿದೆ. ಡಬ್ಬಿ ಹಿಡಿದವರಲ್ಲಿ ಕೆಲವರು ಹೊರಟಾಗಿತ್ತು, ಕೆಲವರು ಇನ್ನೂ ಹೊರಡುತ್ತಿದ್ದರು. ಯಾರನ್ನೂ ನಿಲ್ಲಿಸಲಿಲ್ಲ. ಒಳಗೆ ಬಂದು ಒಲೆ ಹಚ್ಚಿ, ಮನೆಮಂದಿಗೆ ಬೇಕಾದಷ್ಟೇ ರೊಟ್ಟಿ ಬಡಿದು ಮುಚ್ಚಿಟ್ಟೆ. ಉಳಿದ ಹಿಟ್ಟನ್ನು ನಾದಲಿಲ್ಲ. ಯಾರಾದರೂ ಬಂದು ಕೇಳಿದರೆ ನಾದಿದರಾಯಿತು ಎಂದು ಎಸರಿನ ನೀರನ್ನು ಒಲೆಯ ಮೇಲೆ ಕುದಿಯಲು ಬಿಟ್ಟು, ಬಾಗಿಲು ತೆರೆದಿಟ್ಟು, ಹೊಸ್ತಿಲ ಹತ್ತಿರ ಕೂತೆ.